ಒಂದು, ಮೂರು, ಎರಡು
1983ರ ಡಿಸೆಂಬರಿನಲ್ಲಿ ಜಪಾನಿನ ಸುಜುಕಿಯ ಸಂತತಿಯಾಗಿ ಭಾರತದಲ್ಲಿ ಅವತರಿಸಿದ ಮಾರುತಿ 800ರ ಕುಲದ ವೃದ್ಧ ಕಾರೊಂದು ಬದನಗುಪ್ಪೆಯ ನಮ್ಮ ಹುಣಸೆಮರದ ನೆರಳಿನಲ್ಲಿ ವಾನಪ್ರಸ್ಥವನ್ನು ಕೈಗೊಂಡಿರಲಾಗಿ, ಅದರ 796 ಸಿ.ಸಿ.ಯ ಹೃದಯಕ್ಕೆ ಪುನರ್ಯೌವನವನ್ನು ಕರುಣಿಸಬೇಕೆಂಬ ದುರ್ಬುದ್ಧಿ ನನಗೆ ಹುಟ್ಟಿತು. ಮೆಕ್ಯಾನಿಕ್ಕಿಗೆ ಹಣ ತೆರುವುದು ಪೌರುಷಕ್ಕೆ ಕುಂದೆಂದು (ಜಿಪುಣತನಕ್ಕೆ ನಾನಿಟ್ಟ ಹೆಸರಿದು) ಬಗೆದು, ಕಾರ್ಬುರೇಟರನ್ನು ಪೆಟ್ರೋಲಿನಲ್ಲಿ ಮೀಯಿಸಿ, ಪ್ಲಗ್ಗುಗಳನ್ನು ಉಪ್ಪುಕಾಗದದಿಂದ ಉಜ್ಜಿ, ತಂತಿಗಳನ್ನು ಶಾಲೆಯಲ್ಲಿ ಕಲಿತಂತೆ ಒಂದು, ಎರಡು, ಮೂರೆಂಬ ಕ್ರಮದಲ್ಲಿ ಸಿಕ್ಕಿಸಿದೆನು. ಆ ಮೂರು ಸಿಲಿಂಡರಿನ ಯಂತ್ರಕ್ಕಾದರೋ ಕಿಡಿಯು ಒಂದು, ಮೂರು, ಎರಡೆಂಬ ವಕ್ರಕ್ರಮದಲ್ಲಿಯೇ ಸಲ್ಲತಕ್ಕದ್ದು! ಕೀಲಿ ತಿರುಗಿಸಿದೊಡನೆ ಎದ್ದ ಢಮಾರೆಂಬ ಸದ್ದಿಗೆ ಕೊಟ್ಟಿಗೆಯ ಎಮ್ಮೆ ಹಗ್ಗ ಹರಿದುಕೊಂಡು ರೈಲುನಿಲ್ದಾಣದ ದಿಕ್ಕಿಗೆ ಧಾವಿಸಿತು. ಪಕ್ಕದ ಮನೆಯ ಅಜ್ಜ ಎಲೆಯಡಿಕೆ ಜಗಿಯುತ್ತಾ ಕೇಳಿದರು: "ಕಾರು ಹೊಂಡ್ನಿಲ್ಲ, ಎಮ್ಮೆ ಹೊಂಟೋಯ್ತಲ್ಲ ಸೋಮಿ?"