ಏಕಲವ್ಯನ ಆಯವ್ಯಯ: ಹಳೆಬಿಲ್ಲು ಮೀಮಾಂಸೆಗೊಂದು ಪೀಠಿಕೆ

ಪ್ರಕೃತ ಪ್ರಬಂಧದ ವಿಷಯ ಬೇರ್‌ಬೋ. ಲಕ್ಷಣ ಹೇಳದೆ ಶಾಸ್ತ್ರ ಮುಂದೆ ಸಾಗದು. ಆದ್ದರಿಂದ ಮೊದಲು ಲಕ್ಷಣ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರಕ್ಕೆ ಬಾಣ ಬಿಡುವವರ ರಿಕರ್ವ್ ಬಿಲ್ಲಿನಿಂದ ಗುರಿ ಹಿಡಿಯುವ ಸೈಟು, ಮುಂದಕ್ಕೆ ಚಾಚಿದ ಸ್ಟೆಬಿಲೈಜರ್ ಕೋಲು, ಎಳೆದದ್ದು ಸಾಕೆಂದು ಟಿಕ್ಕೆನ್ನುವ ಕ್ಲಿಕ್ಕರ್, ಇವಿಷ್ಟನ್ನೂ ಬಿಚ್ಚಿಟ್ಟರೆ ಉಳಿಯುವುದು ಬೇರ್‌ಬೋ. ಸಾಮಾನು ಕಡಿಮೆಯಾದಲ್ಲಿ ಖರ್ಚೂ ಕಡಿಮೆ, ಬಿಲ್ಲು ಹಳೆಯದಾದರೆ ಇನ್ನೂ ಕಡಿಮೆ ಎಂಬುದು ಲೋಕದ ಅನುಮಾನ. ಅದು ಶುದ್ಧ ಹೇತ್ವಾಭಾಸವೆಂದು ಸಾಧಿಸುವುದೇ ಇಲ್ಲಿನ ಪ್ರತಿಜ್ಞೆ.

ಇಲ್ಲಿ ಒಬ್ಬ ಪೂರ್ವಪಕ್ಷಿ ಏಳುತ್ತಾನೆ: ನಮ್ಮ ದೇಶದಲ್ಲೇ ‘ಇಂಡಿಯನ್ ರೌಂಡ್’ ಎಂಬ ಸ್ಪರ್ಧೆಯಿದೆ, ಬಿದಿರಿನ ಬಿಲ್ಲು, 30 ಮತ್ತು 50 ಮೀಟರ್ ದೂರ, ಸೈಟು ಗೀಟು ಒಂದೂ ಇಲ್ಲ, ಮಿತವ್ಯಯವೇ ಉದ್ದೇಶವಾದರೆ ಅಲ್ಲಿಗೇಕೆ ಹೋಗಬಾರದು? ಪ್ರಶ್ನೆ ಯುಕ್ತವಾಗಿದೆ. ಆದ್ದರಿಂದಲೇ ಅದನ್ನು ಪ್ರಬಂಧದ ವ್ಯಾಪ್ತಿಯಿಂದ ಹೊರಗಿಡಲಾಗಿದೆ.

ಹಳೆಯ ಬಿಲ್ಲಿನ ಇತಿಹಾಸ ಮಿಥಿಲೆಯಿಂದ ಆರಂಭವಾಗುತ್ತದೆ. ಪೂರ್ವಜ ದೇವರಾತನ ಕಾಲದಿಂದ ಜನಕನ ಮನೆಯಲ್ಲಿದ್ದ ಬಿಲ್ಲು ಎಂಟು ಗಾಲಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಸಭೆಗೆ ಬಂತು, ರಾಮ ಹೆದೆಯೇರಿಸಿ ಎಳೆದ, ನಡುವೆಯೇ ಮುರಿಯಿತು. ಕವಿಗಳು ಇದಕ್ಕೆ ರಾಮನ ಬಲವೇ ಕಾರಣವೆಂದರು. ಎಳೆಯುವ ಮೊದಲು ಪದರ ಬಿಟ್ಟಿದೆಯೇ, ಸೀಳಿದೆಯೇ, ತಿರುಚಿದೆಯೇ ಎಂದು ಯಾರಾದರೂ ಪರೀಕ್ಷಿಸಿದರೇ ಎಂಬ ಬಗ್ಗೆ ವಾಲ್ಮೀಕಿಗಳು ಮೌನ. ಪರೀಕ್ಷೆಯೇನೂ ಕಷ್ಟದ್ದಲ್ಲ: ಹೆದೆಯೇರಿಸಿದ ಬಿಲ್ಲನ್ನು ಉದ್ದಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆ ಹೆದೆ ಹಿಡಿಕೆಯ ಮೇಲೂ ಕೆಳಗೂ ಬಾಗುವ ಎರಡೂ ಲಿಂಬ್‌ಗಳ ನಟ್ಟನಡುವೆ ಹಾಯಬೇಕು. ಪಕ್ಕಕ್ಕೆ ಸರಿದಿದ್ದರೆ ಯಾರೋ ಅದನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿಟ್ಟಿದ್ದರು, ಇಲ್ಲವೇ ಕಾಲಿನ ನಡುವೆ ಸಿಕ್ಕಿಸಿ ಬಗ್ಗಿಸಿದ್ದರು. ಮುರಿದವನಿಗೆ ಜನಕ ಮಗಳನ್ನೇ ಕೊಟ್ಟ. ಇಂದು ಹಳೆ ಸಾಮಾನು ಮಾರುವವರು ಕೊಟ್ಟ ದುಡ್ಡನ್ನೂ ಹಿಂದಿರುಗಿಸುವುದಿಲ್ಲ.

ಹೆದೆಯ ವಿಷಯದಲ್ಲಿ ಶಾಸ್ತ್ರ ಕಠಿಣ. ಈಗಿನ ಹೊಸ ಬಗೆಯ ಹೆದೆ ಅಷ್ಟಾಗಿ ಹಿಗ್ಗುವುದಿಲ್ಲವಾದ್ದರಿಂದ ಅದರ ಹೊಡೆತವೆಲ್ಲ ಹಳೆಯ ಲಿಂಬ್‌ನ ತುದಿಗೆ ಬೀಳುತ್ತದೆ. ಮುದಿ ಬಿಲ್ಲಿಗೆ ಹಿಗ್ಗುವ ಡೇಕ್ರಾನ್ ಹೆದೆಯೇ ವಿಹಿತ. ಬಾಣವಿಲ್ಲದೆ ಹೆದೆಯೆಳೆದು ಬಿಡುವುದು ಮಹಾಪಾತಕ. ಅಂಗಡಿಗೆ ಹೋದವರೆಲ್ಲ ಮೊದಲು ಮಾಡುವುದೂ ಅದನ್ನೇ.

ಇನ್ನು ಎಳೆಯುವ ಭಾರದ ವಿಚಾರ. ಲಿಂಬ್ ಮೇಲೆ 28 ಇಂಚಿಗೆ 36 ಪೌಂಡ್ ಎಂದು ಬರೆದಿದೆ ಎನ್ನೋಣ. 26 ಇಂಚಷ್ಟೇ ಎಳೆಯಬಲ್ಲ ಗಿಡ್ಡ ತೋಳಿನವನಿಗೆ, ಇಂಚಿಗೆ ಸುಮಾರು ಎರಡು ಪೌಂಡಿನ ಲೆಕ್ಕದಲ್ಲಿ, ಅದು 32ರ ಆಸುಪಾಸಿಗೆ ಇಳಿಯುತ್ತದೆ. ಹಾಗಾದರೆ ಭಾರವು ಬಿಲ್ಲಿನಲ್ಲಿ ಸಮವಾಯವಾಗಿ ಇದೆಯೋ, ತೋಳಿನಲ್ಲಿದೆಯೋ? ನೈಯಾಯಿಕರು ಉತ್ತರಿಸಲಿ. ಮರುದಿನದ ನೋವು ಮಾತ್ರ ಬೆನ್ನಿನಲ್ಲಿದೆ ಎಂಬುದು ಪ್ರತ್ಯಕ್ಷಪ್ರಮಾಣ.

ಬೇರ್‌ಬೋಗೆ ಅಂತರರಾಷ್ಟ್ರೀಯ ನಿಯಮಪುಸ್ತಕ ಒಡ್ಡುವ ಅಗ್ನಿಪರೀಕ್ಷೆ ಒಂದಿದೆ: ಹೆದೆಯಿಳಿಸಿದ ಬಿಲ್ಲು, ಮೈಮೇಲಿನ ಸಾಮಾನು ಸಮೇತ, 12.2 ಸೆಂ.ಮೀ. ಒಳವ್ಯಾಸದ ಬಳೆಯೊಳಗೆ ತೂರಬೇಕು. ಕಾಂಪ್ಯಾಕ್ಟ್ ಡಿಸ್ಕಿನ ವ್ಯಾಸ 12 ಸೆಂ.ಮೀ. ಹಳೆಯ ಭಾವಗೀತೆಯ ಸಿ.ಡಿ.ಯೊಂದನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದರೆ ನಿಯಮಕ್ಕಿಂತ 2 ಮಿ.ಮೀ. ಕಠಿಣವಾದ ಬಳೆ ಪುಕ್ಕಟೆ ಸಿದ್ಧ. ಈ ಬಳೆ ಹಿಡಿದು ನಾವು ಹೊಯ್ಸಳ ಶಿಲ್ಪವನ್ನು ಪರಿಶೀಲಿಸಿದೆವು. ಬೇಲೂರಿನ ಬೇಟೆಗಾತಿ ಮದನಿಕೆಯಾಗಲಿ, ಹಳೇಬೀಡಿನ ಗೋಡೆಯ ಕುರುಕ್ಷೇತ್ರದ ವೀರರಾಗಲಿ ಯಾರ ಬಿಲ್ಲಿಗೂ ಸೈಟಿಲ್ಲ, ಕ್ಲಿಕ್ಕರ್ ಇಲ್ಲ. ಎಲ್ಲರೂ ಬೇರ್‌ಬೋ ವಿಭಾಗದವರೆಂದು ಘೋಷಿಸಬಹುದಿತ್ತು. ಆದರೆ ಶಿಲ್ಪಿ ಹೆದೆಯೇರಿಸಿಯೇ ಕೆತ್ತಿದ್ದಾನೆ; ಪರೀಕ್ಷೆಗೆ ಹೆದೆಯಿಳಿಸಬೇಕು. ತೀರ್ಪನ್ನು ಕಾಯ್ದಿರಿಸಲಾಗಿದೆ.

ಕೋಲು ನಿಷಿದ್ಧವಾದರೂ ಹಿಡಿಕೆಯ ಕೆಳಭಾಗಕ್ಕೆ ನೇರವಾಗಿ ತೂಕ ಕಟ್ಟಲು ಅನುಮತಿಯುಂಟು. ಹೊಳೆಯುವ ಉಕ್ಕಿನ ತೂಕಗಳು ದುಬಾರಿ. ಒಂದು ದಪ್ಪ ಬೋಲ್ಟು, ನಾಲ್ಕು ವಾಷರು ಸಾಲದೇ ಎಂದು ಮಿತವ್ಯಯಿಗೆ ಹೊಳೆಯುತ್ತದೆ. ಬಿಲ್ಲಿನ ತೂತಿನ ಮರೆ 5/16 ಇಂಚಿನದು, ಎಂದರೆ 7.94 ಮಿ.ಮೀ., ಇಂಚಿಗೆ 24 ಸುತ್ತು. ಪೇಟೆಯಲ್ಲಿ ಸಿಗುವ ಎಂ-8 ಬೋಲ್ಟು 8 ಮಿ.ಮೀ., ಅದರ ಸುತ್ತಿನ ಅಂತರ 1.25 ಮಿ.ಮೀ. ಕಣ್ಣಿಗೆ ಇವೆರಡೂ ಅವಳಿಜವಳಿ. ಒಂದು ಸುತ್ತು ಸಲೀಸಾಗಿ ಒಳಹೋಗಿ ಆಮೇಲೆ ಅದು ಬಿಗಿಯುವ ರೀತಿಯಲ್ಲಿ ಮಾಯಾವಾದದ ಸಾರವೆಲ್ಲ ಅಡಗಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಸುತ್ತಮುತ್ತ ನಡೆದ ವಾಕ್ಯಾರ್ಥವನ್ನು ಯಥಾವತ್ತಾಗಿ ಉದ್ಧರಿಸುತ್ತೇವೆ:

“ಇದು ಇಂಚಿನ ಕಾಲದ್ದು ಸಾರ್, ಈಗೆಲ್ಲಾ ಎಂಎಂ. ಯಾವ ಗಾಡೀದು?”

“ಗಾಡೀದಲ್ಲಪ್ಪ, ಬಿಲ್ಲುಬಾಣದ್ದು.”

“ಸರಿ. ಮಾಡೆಲ್ ಯಾವುದು?”

ಕೊನೆಗೆ ಲೇತಿನವರ ಬಳಿ ಹೇಳಿ ಮಾಡಿಸಿದ ತೂಕಕ್ಕೆ ಆದ ಖರ್ಚು ಹೊಳೆಯುವ ಉಕ್ಕಿನದಕ್ಕಿಂತ ತುಸು ಹೆಚ್ಚು. ಪ್ರತಿಜ್ಞೆಗೆ ಇದು ಮೊದಲ ದೃಷ್ಟಾಂತ.

ಪ್ರಬಂಧದ ತಿರುಳಿಗೆ ಬರೋಣ. ಮಿತವ್ಯಯದ ಬಿಲ್ಲುವಿದ್ಯೆಗೆ ಆದಿಪುರುಷ ಏಕಲವ್ಯ. ಕೋಚಿಂಗ್ ಶುಲ್ಕ ಉಳಿಸಲು ಮಣ್ಣಿನ ಗುರುವನ್ನು ಮಾಡಿಕೊಂಡ. ಶುಲ್ಕ ಎಷ್ಟೆಂದು ಮೊದಲೇ ಕೇಳದಿದ್ದುದರಿಂದ ಕೊನೆಗೆ ಹೆಬ್ಬೆರಳು ತೆರಬೇಕಾಯಿತು. ಎಲ್ಲ ವ್ಯಾಖ್ಯಾನಕಾರರೂ ಇಲ್ಲಿಗೆ ನಿಂತು ಕಣ್ಣೀರಿಟ್ಟಿದ್ದಾರೆ. ಮುಂದೆ ಓದಿದವರು ವಿರಳ. ಆದಿಪರ್ವದ ಮೂಲದಲ್ಲಿ ಆಮೇಲೂ ಏಕಲವ್ಯ ಉಳಿದ ಬೆರಳುಗಳಿಂದ ಹೆದೆಯೆಳೆದ. ಮೊದಲಿನ ವೇಗ ಮಾತ್ರ ಉಳಿಯಲಿಲ್ಲ. ಈಗ ನೋಡಿ: ಇಂದು ಮೈದಾನಗಳಲ್ಲಿ ಬಳಕೆಯಲ್ಲಿರುವ ಮೆಡಿಟರೇನಿಯನ್ ಹಿಡಿತದಲ್ಲಿ ಹೆದೆಯೆಳೆಯುವುದು ತೋರುಬೆರಳು, ನಡುಬೆರಳು, ಉಂಗುರದ ಬೆರಳು. ಬೇರ್‌ಬೋದವರು ಬಹುಪಾಲು ಮೂರನ್ನೂ ಬಾಣದ ಕೆಳಗಿಡುತ್ತಾರೆ. ಗುರಿ ಹತ್ತಿರವಾದಷ್ಟೂ ಬೆರಳನ್ನು ಹೆದೆಯುದ್ದಕ್ಕೆ ಕೆಳಕ್ಕೆ ಜಾರಿಸಿ, ಬೆರಳು ಕಾಯುವ ಚರ್ಮದ ಟ್ಯಾಬಿನ ಹೊಲಿಗೆಯ ಎಳೆ ಎಣಿಸಿ ಅಳತೆ ಹಿಡಿಯುತ್ತಾರೆ. ಬಾಣದ ಮೊನೆಯೇ ಅವರ ಸೈಟು. ಇಷ್ಟೆಲ್ಲ ನಡೆಯುವಾಗ ಹೆಬ್ಬೆರಳು ಅಂಗೈಯಲ್ಲಿ ಮಡಚಿಕೊಂಡು ಪಿಂಚಣಿಯಲ್ಲಿರುತ್ತದೆ. ವೇಗದ ಕೊರತೆಯೋ? ಒಳಾಂಗಣ ಸ್ಪರ್ಧೆಯಲ್ಲಿ 18 ಮೀಟರಿಗೆ ಮೂರು ಬಾಣ ಬಿಡಲು ಧಾರಾಳ ಸಮಯ ಕೊಡುತ್ತಾರೆ. ಅಂದಮೇಲೆ ದ್ರೋಣರು ಪಡೆದ ದಕ್ಷಿಣೆಯಿಂದ ಬೇರ್‌ಬೋ ವಿಭಾಗದಲ್ಲಿ ಅರ್ಜುನನಿಗೆ ಕಿಂಚಿತ್ತೂ ಲಾಭವಿಲ್ಲ. ಆಚಾರ್ಯರು ತಪ್ಪು ಬೆರಳು ಕೇಳಿದರು ಎಂಬ ಈ ಸಂಶೋಧನೆಗೆ ಡಾಕ್ಟರೇಟ್ ಕೊಡುವ ವಿಶ್ವವಿದ್ಯಾಲಯವನ್ನು ಎದುರು ನೋಡುತ್ತಿದ್ದೇವೆ.

ಉಳಿದದ್ದು ಬಾಣಪ್ರಕರಣ. ನಾವು ಕೊಂಡ ಹಳೆಯ ಬಿಲ್ಲಿನ ಜೊತೆಗೆ ಕೊಸರಾಗಿ ಸಿಕ್ಕ ಹಳೆಯ ಅಲ್ಯೂಮಿನಿಯಂ ಬಾಣಗಳ ಮೇಲೆ 1716, 1816, 1916 ಎಂಬ ಅಂಕಿಗಳಿವೆ. ಇವು ಇಸವಿಗಳಲ್ಲ. ಮೊದಲೆರಡು ಅಂಕಿ ದಪ್ಪ, ಇಂಚಿನ 64ನೇ ಭಾಗಗಳಲ್ಲಿ. ಕೊನೆಯೆರಡು ಗೋಡೆಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ. ಗೋಡೆ ಒಂದೇ ಆಗಿ ಮೈ ದಪ್ಪವಾದಂತೆ ಬಾಣ ಬಿರುಸಾಗುತ್ತದೆ. ಬಲಗೈಯವರು ಬಿಟ್ಟಾಗ ಬಿರುಸಾದದ್ದು ಎಡಕ್ಕೂ ಬಳುಕುವುದು ಬಲಕ್ಕೂ ವಾಲುವುದರಿಂದ ಗುರಿಯಾಗಿಟ್ಟ ನಮ್ಮ ಗೋಣಿಚೀಲದ ಮೇಲೆ ಮೂರು ಮತಗಳು ಸ್ಥಾಪನೆಯಾಗಿವೆ. ಸಮನ್ವಯಕ್ಕೆ ನಡೆಸಿದ ಯತ್ನಗಳೆಲ್ಲ ಚೀಲದಾಚೆಯ ಹುಲ್ಲಿನಲ್ಲಿವೆ. ಒಂದೇ ಮತದ ಒಂದು ಡಜನ್ ಹೊಸ ಬಾಣ ಕೊಳ್ಳುವುದೇ ಸಿದ್ಧಾಂತವೆಂದು ತೀರ್ಮಾನಿಸಿ ಬೆಲೆಪಟ್ಟಿಯನ್ನು ಮನೆಯ ಖಜಾಂಚಿಯ ಮುಂದೆ ಮಂಡಿಸಲಾಯಿತು.

“ಅಲ್ಲಾ ರೀ, ಬಿಲ್ಲೇ ಅಷ್ಟಕ್ಕೆ ಬಂತಲ್ಲ, ಕಡ್ಡಿಗೆ ಇಷ್ಟಾ?”

ಈ ಪೂರ್ವಪಕ್ಷಕ್ಕೆ ಖಂಡನಗ್ರಂಥ ರಚನೆಯಲ್ಲಿದೆ. ಅದು ಮುಗಿಯುವವರೆಗೆ 1816ರ ಬಾಣಗಳನ್ನಷ್ಟೇ ಬಿಡತಕ್ಕದ್ದು. ಅಂಥವು ನಾಲ್ಕಿವೆ, ಒಂದಕ್ಕೆ ಗರಿಯಿಲ್ಲ.