ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ

ಗ್ರಾಮ ಪಂಚಾಯಿತಿ ಸಾಮಾನ್ಯ ಸಭೆಯ ನೋಟಿಸಿನಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆ ಎಂದಿದ್ದರೆ ಅದನ್ನು ನಂಬುವವರು ಇಬ್ಬರೇ. ಒಬ್ಬ ಹೊಸದಾಗಿ ಗೆದ್ದ ಸದಸ್ಯ, ಇನ್ನೊಬ್ಬ ಚಹಾ ತರುವ ಹುಡುಗ. ನಾನೂ ಒಂದು ಅವಧಿಗೆ ಸದಸ್ಯನಾಗಿದ್ದವನು. ಮೊದಲ ಸಭೆಗೆ ಇಸ್ತ್ರಿ ಅಂಗಿ ತೊಟ್ಟು ಹತ್ತೂ ಮುಕ್ಕಾಲಿಗೇ ಹೋಗಿ ಕೂತೆ. ಬಿಲ್ ಕಲೆಕ್ಟರ್ ರಸೀದಿ ಪುಸ್ತಕ ಹಿಡಿದು ಬಂದು, ‘ಕಂದಾಯ ಕಟ್ಟೋಕ್ ಬಂದ್ರಾ ಸಾರ್?’ ಎಂದು ಕೇಳಿದ.

1993ರ ಪಂಚಾಯತ್ ರಾಜ್ ಕಾಯ್ದೆಗೆ ನಮ್ಮ ಸ್ವಭಾವ ಮೊದಲೇ ಗೊತ್ತು. ಸಭೆಗೆ ಏಳು ದಿನ ಮುಂಚೆ ನೋಟಿಸ್ ಕೊಡಿ, ಯಾವ ವಿಷಯ ಎಂದೂ ತಿಳಿಸಿ ಅನ್ನುತ್ತದೆ. ಅಷ್ಟಾದ ಮೇಲೂ ಅರ್ಧದಷ್ಟು ಸದಸ್ಯರು ಸೇರದಿದ್ದರೆ ಮೂವತ್ತು ನಿಮಿಷ ಕಾಯಿರಿ, ಆಗಲೂ ಕೋರಂ ಆಗದಿದ್ದರೆ ಸಭೆ ಮುಂದಕ್ಕೆ ಹಾಕಿ ಅನ್ನುತ್ತದೆ. ಆ ಮೂವತ್ತು ನಿಮಿಷವನ್ನು ಬರೆದ ಮಹಾನುಭಾವ ಯಾವುದೋ ಹಳ್ಳಿಯ ಮದುವೆಯಲ್ಲಿ ಮುಹೂರ್ತಕ್ಕೆ ಸರಿಯಾಗಿ ಹೋಗಿ, ಒಲೆ ಹೊತ್ತಿಸುವುದನ್ನು ನೋಡುತ್ತ ಕೂತಿದ್ದವನೇ ಇರಬೇಕು. ಏಕೆಂದರೆ ಪಂಚಾಯಿತಿಯ ನಿಜವಾದ ಕೆಲಸವೆಲ್ಲ ಆಗುವುದು ಆ ಅರ್ಧ ಗಂಟೆಯಲ್ಲೇ. ಯಾವ ಕೇರಿಗೆ ಚರಂಡಿ, ಯಾವ ಕಂಬಕ್ಕೆ ಬಲ್ಬು, ಯಾರ ಆಸ್ತಿಯ ನಮೂನೆ ಒಂಬತ್ತು ಎಲ್ಲಿ ಸಿಕ್ಕಿಹಾಕಿಕೊಂಡಿದೆ, ಇದೆಲ್ಲ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡೇ ತೀರ್ಮಾನವಾಗುತ್ತದೆ. ಒಳಗೆ ಹೋದ ಮೇಲೆ ಮಾಡಲು ಉಳಿಯುವುದು ಜಗಳವೊಂದೇ.

ನಾನೂರು ಜನಸಂಖ್ಯೆಗೆ ಒಬ್ಬರ ಲೆಕ್ಕದಲ್ಲಿ ನಾವು ಹದಿನಾಲ್ಕು ಜನ. ಚುನಾವಣೆ ಪಕ್ಷರಹಿತ. ಮತಪತ್ರದಲ್ಲಿ ಇದ್ದದ್ದು ಹೊಲಿಗೆ ಯಂತ್ರ, ಆಟೋ ರಿಕ್ಷಾ. ಆದರೆ ಸಭಾಂಗಣದಲ್ಲಿ ಕೂರುವಾಗ ಯಾರೂ ಹೇಳಿಕೊಡದೆಯೇ ಹೊಲಿಗೆ ಯಂತ್ರಗಳು ಎಡಕ್ಕೆ, ಆಟೋಗಳು ಬಲಕ್ಕೆ.

ಮೊದಲ ವಿಷಯ ಯಾವಾಗಲೂ ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಹಿಂದಿನ ಸಭೆಯಲ್ಲಿ ಒಬ್ಬರು ಕುರ್ಚಿ ಎತ್ತಿದ್ದರು, ಸ್ಟೀಲ್ ಲೋಟವೊಂದು ಗಾಂಧೀಜಿ ಫೋಟೋದ ಪಕ್ಕದ ಗೋಡೆಗೆ ಬಡಿದಿತ್ತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರು ತಣ್ಣಗೆ ಓದಿದರು: ‘ಕುಡಿಯುವ ನೀರಿನ ಬಗ್ಗೆ ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಲೋಟ ಎಸೆದವರು ಸೂಚಕರು, ತಲೆ ತಗ್ಗಿಸಿ ತಪ್ಪಿಸಿಕೊಂಡವರು ಅನುಮೋದಕರು. ಇಬ್ಬರೂ ಒಂದೇ ಪೆನ್ನಿನಲ್ಲಿ ಸಹಿ ಹಾಕಿದರು.

ಮಾತಾಡುವವರು ಎದುರಾಳಿಯನ್ನು ನೋಡಿ ಮಾತಾಡಬಾರದು, ಅಧ್ಯಕ್ಷರನ್ನು ಉದ್ದೇಶಿಸಿಯೇ ಮಾತಾಡಬೇಕು ಎಂಬುದು ಲೋಕದ ಎಲ್ಲ ಸಭೆಗಳ ಶಿಸ್ತು. ಅಮೆರಿಕದ ಸೇನೆಯಲ್ಲಿ ಇಂಜಿನಿಯರ್ ಆಗಿದ್ದ ಹೆನ್ರಿ ರಾಬರ್ಟ್ 1863ರಲ್ಲಿ ಚರ್ಚೊಂದರ ಸಭೆಗೆ ಅಧ್ಯಕ್ಷನಾಗಿ, ಸಭೆ ಕೈಮೀರಿ ಹೋದದ್ದನ್ನು ಕಂಡು ನಾಚಿ, 1876ರಲ್ಲಿ ಸಭಾನಿಯಮಗಳ ಪುಸ್ತಕವನ್ನೇ ಬರೆದುಬಿಟ್ಟ. ಬಂದರು, ನದಿ, ತಡೆಗೋಡೆ ಅವನ ಕಸುಬು. ನೀರಿಗೆ ಕಟ್ಟೆ ಹಾಕಿದವನಿಗೆ ಮಾತಿಗೂ ಹಾಕಬಹುದು ಅನ್ನಿಸಿರಬೇಕು. ನಮ್ಮವರೂ ಆ ಶಿಸ್ತನ್ನು ಚಾಚೂತಪ್ಪದೆ ಪಾಲಿಸುತ್ತಾರೆ: ‘ಮಾನ್ಯ ಅಧ್ಯಕ್ಷರೇ, ಇವನ ಅಪ್ಪನೂ ಹಿಂಗೇ ಬೇಲಿ ಸರಿಸ್ತಿದ್ದ, ತಮ್ಮ ಗಮನಕ್ಕಿರಲಿ.’

ಇನ್ನೊಂದು ನಿಯಮವಿದೆ. ತನಗೆ ಹಣಕಾಸಿನ ಹಿತಾಸಕ್ತಿ ಇರುವ ವಿಷಯ ಬಂದಾಗ ಸದಸ್ಯ ಚರ್ಚಿಸಬಾರದು, ಮತ ಹಾಕಬಾರದು. ಬಹಳ ಘನವಾದ ನಿಯಮ. ಇದರ ಜೊತೆ ನೆಂಟರಿಷ್ಟರ ಹಿತಾಸಕ್ತಿಯನ್ನೂ ಸೇರಿಸಿದರೆ ನಮ್ಮೂರಲ್ಲಿ ಕೋರಂ ಆಗುವುದು ಗೋಡೆಯ ಮೇಲಿನ ಫೋಟೋಗಳಿಂದ ಮಾತ್ರ.

ನಮ್ಮ ಅವಧಿಯಲ್ಲಿ ಅಧ್ಯಕ್ಷಗಿರಿ ಮಹಿಳೆಗೆ ಮೀಸಲಾಗಿತ್ತು. ಅಂದರೆ ಅಧ್ಯಕ್ಷರು ಬರುವಾಗ ಜೊತೆಗೆ ಅಧ್ಯಕ್ಷರ ಯಜಮಾನರೂ ಬರುತ್ತಿದ್ದರು. ಬಂದವರು ಪಕ್ಕದ ಕುರ್ಚಿಯಲ್ಲಿ ಕೂತು, ಕಡತ ತಮ್ಮ ಕಡೆ ಎಳೆದುಕೊಂಡು, ‘ಹೂಂ, ಮುಂದಿನದು’ ಅನ್ನುತ್ತಿದ್ದರು. ಅಧ್ಯಕ್ಷರು ಮೂರು ಸಭೆ ಸುಮ್ಮನೆ ನೋಡಿದರು. ಆಮೇಲೆ ತಾಲ್ಲೂಕಿನಲ್ಲಿ ತರಬೇತಿ ಅಂತ ಹೋಗಿ, ಬರುವಾಗ ಕೈಯಲ್ಲೊಂದು ಪುಸ್ತಕ ಹಿಡಿದು ಬಂದರು. ಮುಂದಿನ ಸಭೆಯಲ್ಲಿ ಪಿಡಿಒ ಕಡೆ ತಿರುಗಿ, ‘ಸದಸ್ಯರಲ್ಲದೋರು ಯಾರಾದ್ರೂ ಇದ್ರೆ ಹೊರಗೆ ಕೂರೋಕೆ ಹೇಳಿ’ ಎಂದರು. ಯಜಮಾನರು ನನ್ನನ್ನು ನೋಡಿದರು. ನಾನು ಸೀಲಿಂಗ್ ಫ್ಯಾನ್ ನೋಡಿದೆ.

ಅವರು ಎದ್ದು ಹೋಗಿ ಕಿಟಕಿಯ ಹೊರಗೆ ನಿಂತರು. ಸರಳುಗಳ ನಡುವಿನಿಂದ ಕೈಸನ್ನೆ ಶುರುವಾಯಿತು. ಎರಡು ಬೆರಳೆಂದರೆ ಒಪ್ಪಿಗೆ, ಮುಷ್ಟಿ ಎಂದರೆ ಬೇಡ. ಸ್ವಲ್ಪ ಹೊತ್ತಿಗೆ ಮಳೆ ಹನಿಯಿತು. ‘ಎರಚಲು ಹೊಡೀತದೆ, ಕಡತ ನೆನೀತವೆ’ ಎಂದು ಅಧ್ಯಕ್ಷರು ಕಿಟಕಿ ಮುಚ್ಚಿಸಿದರು.

ಅಂದು ನೀರಿನ ಟ್ಯಾಂಕ್ ಮೇಲಿನ ಕೇರಿಯಲ್ಲೋ ಕೆಳಗಿನ ಕೇರಿಯಲ್ಲೋ ಎಂಬ ವಿಷಯ. ಯಜಮಾನರ ಕುಲಬಾಂಧವರೆಲ್ಲ ಕೆಳಗಿನ ಕೇರಿಯವರು. ಕೈ ಎತ್ತಿಸಿದಾಗ ಅಧ್ಯಕ್ಷರೂ ಕೆಳಗಿನ ಕೇರಿಗೇ ಎತ್ತಿದರು. ಏಳು, ಏಳು. ಎಡಬಲ ಎರಡೂ ಕಡೆ ನಿಟ್ಟುಸಿರು. ಸಮ ಬಂದರೆ ಸಭಾಧ್ಯಕ್ಷರಿಗೆ ಇನ್ನೊಂದು ನಿರ್ಣಾಯಕ ಮತ ಇದೆ ಎಂದು ಪಿಡಿಒ ಓದಿ ಹೇಳಿದರು.

‘ಒಬ್ರಿಗೆ ಎರಡು ಓಟಾ? ಇದ್ಯಾವ ನ್ಯಾಯ ಸ್ವಾಮಿ?’ ಎಂದು ಬಲಗಡೆಯ ಆಟೋವೊಂದು ಗುಡುಗಿತು.

ಅಧ್ಯಕ್ಷರು ಎರಡನೆಯ ಮತವನ್ನು ಮೇಲಿನ ಕೇರಿಗೆ ಹಾಕಿದರು.

ಮಳೆಯ ಸದ್ದು ಬಿಟ್ಟು ಬೇರೇನೂ ಇಲ್ಲ. ‘ಅಲ್ಲ ಅಮ್ಮಾ, ಈಗ ತಾನೇ ಕೆಳಗಿನ ಕೇರಿಗೆ ಕೈ ಎತ್ತಿದ್ರಿ’ ಎಂದರು ಹಿರಿಯ ಸದಸ್ಯರು.

‘ಅದು ಮನೆ ಲೆಕ್ಕ. ಇದು ಪಂಚಾಯ್ತಿ ಲೆಕ್ಕ. ನೀರು ಮೇಲಿಂದ ಕೆಳಗೆ ಬರ್ತದೆ, ಕೆಳಗಿಂದ ಮೇಲೆ ಹತ್ತಲ್ಲ. ಬರ್ಕೊಳಿ.’

ಪಿಡಿಒ ಬರೆದುಕೊಂಡರು. ‘ಸುದೀರ್ಘವಾಗಿ ಚರ್ಚಿಸಿ’ ಎಂದೇ ಬರೆದುಕೊಂಡರು.

ಕೊನೆಗೆ ಉಳಿದದ್ದು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ’. ವಿಷಯಪಟ್ಟಿಯಲ್ಲಿ ನನಗೆ ಅತಿ ಪ್ರಿಯವಾದ ಸಾಲು ಅದು; ನಾಯಿ, ದನ, ಡಿಜೆ, ಗಣಪತಿ ಪೆಂಡಾಲು, ಜಗತ್ತಿನಲ್ಲಿ ಬೇರೆಲ್ಲೂ ಜಾಗ ಸಿಗದ್ದೆಲ್ಲ ಅಲ್ಲಿ ಬಂದು ಕೂರುತ್ತದೆ. ಆ ದಿನ ಮಂಗಗಳ ಕಾಟ ಬಂತು. ಅವನ್ನು ಹಿಡಿಸಿ ಕಾಡಿಗೆ ಬಿಡಬೇಕು ಎಂಬುದಕ್ಕೆ ಎಡಬಲ ಭೇದವಿರಲಿಲ್ಲ. ಯಾರು ಹಿಡಿಯುವುದು, ಖರ್ಚು ಯಾವ ನಿಧಿಯಿಂದ, ಬಿಟ್ಟದ್ದು ಪಕ್ಕದ ಪಂಚಾಯಿತಿಯ ಗಡಿಯಲ್ಲಾದರೆ ಅವರು ತಕರಾರು ಮಾಡುವುದಿಲ್ಲವೇ ಎಂದು ಮಾತು ಬೆಳೆಯಿತು. ಅಷ್ಟರಲ್ಲಿ, ಟ್ಯಾಂಕಿನ ದುಃಖದಲ್ಲಿದ್ದ ಸದಸ್ಯರೊಬ್ಬರು ಎದ್ದು ತಲೆ ಎಣಿಸಿ, ‘ಅಧ್ಯಕ್ಷರೇ, ಕೋರಂ ಇಲ್ಲ’ ಎಂದರು. ನಿಜವೇ. ಮಳೆ ನಿಂತದ್ದೇ ತಡ, ಒಬ್ಬೊಬ್ಬರಾಗಿ ಜಾರಿಕೊಂಡು ಒಳಗೆ ಉಳಿದದ್ದು ಆರೇ ಜನ. ಮತ್ತೆ ಮೂವತ್ತು ನಿಮಿಷ ಕಾದೆವು. ಚಹಾದ ಹುಡುಗ ಎರಡನೆಯ ಸುತ್ತು ತಂದ. ಯಾರೂ ಬರಲಿಲ್ಲ.

ಸಭೆಯನ್ನು ಮುಂದಕ್ಕೆ ಹಾಕಲಾಯಿತು. ಮಂಗಗಳು ಮಾತ್ರ ಅಂದು ಸಂಜೆ ಏಳು ದಿನದ ನೋಟಿಸೂ ಇಲ್ಲದೆ, ಪೂರ್ತಿ ಕೋರಂನೊಂದಿಗೆ, ಹಿರಿಯ ಸದಸ್ಯರ ಬಾಳೆತೋಟಕ್ಕೆ ಹಾಜರಾದವು.