ಕೊನೆಯ ವರ್ಷದವರು ಮತ್ತು ಅಡಿಕೆಯ ಕೊನೆ

ಎಂಜಿನಿಯರಿಂಗ್ ಪದವಿಯ ಕೊನೆಯ ವರ್ಷದಲ್ಲಿ ನಾಲ್ವರು ವಿದ್ಯಾರ್ಥಿಗಳು ಒಂದು ‘ಬ್ಯಾಚ್’ ಆಗಿ, ಅಂದರೆ ಅಂಕಗಳನ್ನು ಸಮನಾಗಿಯೂ ಕೆಲಸವನ್ನು ತೋಚಿದಂತೆಯೂ ಹಂಚಿಕೊಳ್ಳುವ ತಂಡವಾಗಿ, ಕೈಗೊಳ್ಳುವ ವಿನ್ಯಾಸಕಾರ್ಯಕ್ಕೆ ಪ್ರಾಜೆಕ್ಟ್ ಎಂಬ ಹೆಸರಿದೆ. ಅದು ನಿಜವಾದ ಕ್ಲೈಂಟ್ ಒಬ್ಬರ ಕಷ್ಟವನ್ನು ನೀಗಬೇಕೆಂಬ ಆಶಯ ಹಳೆಯದು; ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ನೀಡುವ ಕಾರ್ಯಕ್ರಮವನ್ನು 1977ರಷ್ಟು ಹಿಂದೆಯೇ ಆರಂಭಿಸಿತು. ಕ್ಲೈಂಟ್ ಎಂದರೆ ಕೆಲಸ ಒಪ್ಪಿಸಿ ಹಣ ಕೊಡುವವನು ಎಂಬುದು ಪಠ್ಯಪುಸ್ತಕದ ಅರ್ಥವಾದರೂ, ಮಲೆನಾಡಿನ ಕಾಲೇಜುಗಳಲ್ಲಿ ಬ್ಯಾಚಿನ ಯಾರಾದರೊಬ್ಬರ ದೊಡ್ಡಪ್ಪ ಎಂಬ ಅರ್ಥವೇ ರೂಢಿಯಲ್ಲಿದ್ದು, ಆ ದೊಡ್ಡಪ್ಪನಿಗೆ ಅಡಿಕೆ ತೋಟವಿರುವುದೂ ದೊಡ್ಡಮ್ಮನಿಗೆ ಕಡುಬು ಮಾಡುವ ಉತ್ಸಾಹವಿರುವುದೂ ಮುಖ್ಯ ಅರ್ಹತೆಗಳಾಗಿವೆ.

ದೊಡ್ಡಪ್ಪನ ಕಷ್ಟ ಮಾತ್ರ ಅಪ್ಪಟ ನಿಜ. ಕಾಲಿಗೆ ತಳೆ ಹಾಕಿಕೊಂಡು 40–50 ಅಡಿ ಎತ್ತರದ, ಗಾಳಿಗೆ ತೊನೆಯುವ ಮರವನ್ನೇರಿ, ಕೊನೆ ಕೊಯ್ದು ಹಗ್ಗದಲ್ಲಿ ಜಾರಿಸಿ, ನೆಲಕ್ಕಿಳಿಯದೆಯೇ ಪಕ್ಕದ ಮರಕ್ಕೆ ದಾಟಿಕೊಳ್ಳುವ ಕೊನೆಗಾರರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. (ಕೊನೆ ಎಂದರೆ ಇಲ್ಲಿ ಅಡಿಕೆಯ ಗೊಂಚಲು, ಪದದ ಇನ್ನೊಂದು ಅರ್ಥ ವಿದ್ಯಾರ್ಥಿಗಳಿಗೆ ರಿಪೋರ್ಟ್ ಬೈಂಡಿಂಗ್‌ಗೆ ಕೊಡುವ ವಾರದಲ್ಲಿ ಹೊಳೆಯುತ್ತದೆ.) “ಕೊನೆ ಇಳಿಸೋಕೆ ಜನ ಸಿಗ್ತಿಲ್ಲ ಮಾರಾಯ” ಎಂದು ದೊಡ್ಡಪ್ಪ ಜಗಲಿಯಲ್ಲಿ ಕುಳಿತು ಆಡಿದ ಮಾತು, ಗೈಡ್ ಸಹಿ ಹಾಕುವ ಹೊತ್ತಿಗೆ ‘ಅಡಿಕೆ ಮರ ಹತ್ತುವ ಯಂತ್ರದ ವಿನ್ಯಾಸ ಮತ್ತು ತಯಾರಿಕೆ’ ಎಂದಾಗಿರುತ್ತದೆ.

ಯಂತ್ರವೆಂದರೆ ಒಂದು ಕಬ್ಬಿಣದ ಚೌಕಟ್ಟು, ಮೂರು ರಬ್ಬರ್ ಚಕ್ರ, ಅವುಗಳನ್ನು ಕಾಂಡಕ್ಕೆ ಒತ್ತಿಹಿಡಿಯುವ ಸ್ಪ್ರಿಂಗುಗಳು ಮತ್ತು ಒಂದು ಮೋಟಾರು. ವರ್ಕ್‌ಶಾಪಿನ ಕಂಬವನ್ನು ಇದು ಸಲೀಸಾಗಿ ಏರುತ್ತದೆ, ಏಕೆಂದರೆ ಆ ಕಂಬ ಬುಡದಿಂದ ತುದಿಯವರೆಗೆ ಒಂದೇ ದಪ್ಪವಿದ್ದು, ಅದರ ಮೇಲೆ ಪಾಚಿ ಬೆಳೆಯುವುದಿಲ್ಲ. ತೋಟದಲ್ಲಿ ಹಾಗಲ್ಲ. ಮೊದಲಿಗೆ, ನೀರು ಬಸಿಯಲು ತೋಡಿದ ಕಾದಿಗೆಯ ಮೇಲಿನ ಸಂಕವನ್ನು, ಅಂದರೆ ಅಡ್ಡಲಾಗಿ ಹಾಕಿದ ಮರದ ದಿಮ್ಮಿಯನ್ನು, ಯಂತ್ರ ಹೊತ್ತು ದಾಟಬೇಕು; ಈ ಹಂತವನ್ನು ಯಾವ ರಿಪೋರ್ಟೂ ದಾಖಲಿಸಿದಂತಿಲ್ಲ. ಬುಡದಲ್ಲಿ ಬಿಗಿಯಾಗಿ ಕಚ್ಚಿದ ಚಕ್ರಗಳು ಕಾಂಡ ಸಪೂರವಾಗುತ್ತ ಹೋದಂತೆ ಹಿಡಿತ ಸಡಿಲಿಸಿ, ಮಳೆ ಬಿದ್ದ ಮರುದಿನವಾದರೆ ನಿಂತಲ್ಲೇ ಗಿರ್ರನೆ ತಿರುಗಿ, ಮರದ ಮೈಮೇಲೆ ಕಪ್ಪು ಗೆರೆ ಬರೆಯುತ್ತವೆ. ಆಗ ಎಲೆಯಡಿಕೆ ಮೆಲ್ಲುತ್ತ ನಿಂತ ದೊಡ್ಡಪ್ಪ ಕೇಳುವುದು ಒಂದೇ ಪ್ರಶ್ನೆ: “ಇದನ್ನ ಪ್ರತಿ ಮರಕ್ಕೂ ಬಿಚ್ಚಿ ಕಟ್ಟಬೇಕಾ?” ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 540 ಮರಗಳಾಗುತ್ತವೆ. ಈ ಲೆಕ್ಕವನ್ನು ಬ್ಯಾಚಿನವರು ಮೊದಲ ಬಾರಿಗೆ ಮಾಡುವುದು ಆ ಸಂಜೆ, ವಾಪಸಾಗುವ ಬಸ್ಸಿನಲ್ಲಿ.

ಬಂಟ್ವಾಳದ ಕೃಷಿಕ ಗಣಪತಿ ಭಟ್ಟರು ಕುಳಿತು ಏರುವ, ಇಳಿಯುವ ಮೋಟಾರು ಯಂತ್ರವನ್ನೇ ರೂಪಿಸಿರುವುದರಿಂದ, ಈ ಕೆಲಸ ಅಸಾಧ್ಯವೆನ್ನುವಂತಿಲ್ಲ. ಆದರೆ ಅಲ್ಲಿ ವಿನ್ಯಾಸಕಾರರೂ ಕ್ಲೈಂಟೂ ಒಬ್ಬರೇ ಆಗಿದ್ದರು, ಮತ್ತು ಅವರಿಗೆ ಯಾರೂ ಅಂಕ ಕೊಡುವವರಿರಲಿಲ್ಲ. ಬ್ಯಾಚಿನ ಮಟ್ಟಿಗೆ ಅಂಕ ಕೊಡುವವರೇ ನಿಜವಾದ ಕ್ಲೈಂಟ್ ಆದ್ದರಿಂದ, ವೈವಾದಲ್ಲಿ ಯಂತ್ರ ವರ್ಕ್‌ಶಾಪಿನ ಕಂಬವನ್ನೇ ಮತ್ತೊಮ್ಮೆ ಏರುತ್ತದೆ. ಪಾಚಿ, ಮಳೆ, ಇಳಿಯುವ ವ್ಯವಸ್ಥೆ ಇವೆಲ್ಲ ‘ಫ್ಯೂಚರ್ ಸ್ಕೋಪ್’ ಎಂಬ ಅಧ್ಯಾಯಕ್ಕೆ, ಅಂದರೆ ಈ ಬ್ಯಾಚಿಗೆ ಆಗದ್ದನ್ನು ಮುಂದಿನ ಬ್ಯಾಚಿನ ಭಾಗ್ಯವೆಂದು ವರ್ಣಿಸುವ ಜಾಗಕ್ಕೆ, ಸೇರುತ್ತವೆ.

ಈಚಿನ ವರ್ಷಗಳಲ್ಲಿ ಅನೇಕ ತೋಟಗಳಲ್ಲಿ ಕೊನೆ ಇಳಿಸುತ್ತಿರುವುದು ಕಾರ್ಬನ್ ಫೈಬರ್ ದೋಟಿ, ಅಂದರೆ ತುದಿಗೆ ಕತ್ತಿ ಕಟ್ಟಿದ ಹಗುರವಾದ ಉದ್ದನೆಯ ಕೋಲು. ಅದನ್ನು ಹಿಡಿದವನು ನೆಲದ ಮೇಲೇ ನಿಂತಿರುತ್ತಾನೆ. ದೊಡ್ಡಪ್ಪ ಜಗಲಿಯಲ್ಲಿ ಆಡಿದ ಮಾತಿನಲ್ಲಿ ‘ಹತ್ತು’ ಎಂಬ ಕ್ರಿಯಾಪದ ಇರಲೇ ಇಲ್ಲ.